ಮನೆಯ ಅಂತರಜಾಲ ಬಳಕೆ: ಅಳತೆ ಮತ್ತು ಆಯ್ಕೆ

ಪೀಠಿಕೆ

ಗೃಹಸ್ಥನ ಮನೆಗೆ ಅಳತೆಯಿಲ್ಲದೆ ಬರುವ ಪದಾರ್ಥಗಳು ತೀರ ವಿರಳ. ಅಕ್ಕಿ ಬೇಳೆಗಳು ಕಿಲೋಗ್ರಾಮಿನ ಲೆಕ್ಕದಲ್ಲಿ ಬರುತ್ತವೆ. ಹಾಲು ಲೀಟರಿನ ಲೆಕ್ಕದಲ್ಲಿ, ವಿದ್ಯುಚ್ಛಕ್ತಿ ಯೂನಿಟ್ಟಿನ ಲೆಕ್ಕದಲ್ಲಿ. ಮೆಸ್ಕಾಂ ಸಿಬ್ಬಂದಿ ಮೀಟರು ನೋಡಿ ಬಿಲ್ಲು ಕೊಟ್ಟುಹೋದ ದಿನ, ಹತ್ತು ಯೂನಿಟ್ ಹೆಚ್ಚಾದುದೇಕೆಂದು ಮನೆಮಂದಿಯೆಲ್ಲ ಕೂಡಿ ವಿಚಾರಮಾಡುವುದುಂಟು. ಆದರೆ ಅಂತರಜಾಲದ ವಿಷಯದಲ್ಲಿ ಈ ಎಚ್ಚರ ಕಾಣುವುದಿಲ್ಲ. ತಿಂಗಳಿಗೆ ಇಂತಿಷ್ಟು ಹಣ ಕಟ್ಟುತ್ತೇವೆ. ಅದರಲ್ಲಿ ಎಷ್ಟನ್ನು ಬಳಸಿದೆವು, ಯಾರು ಬಳಸಿದರು, ಯಾವುದಕ್ಕೆ ಬಳಸಿದರು ಎಂಬುದನ್ನು ಕೇಳುವವರಿಲ್ಲ.

ಈ ಸಂಚಿಕೆಯ ವಾಚಕರಲ್ಲಿ ಅಧ್ಯಾಪಕರೂ ಹಳೆಯ ವಿದ್ಯಾರ್ಥಿಗಳೂ ದಾನಿಗಳೂ ಇದ್ದಾರೆ. ಎಲ್ಲರ ಮನೆಗೂ ಇಂದು ಅಂತರಜಾಲ ಪ್ರವೇಶಿಸಿದೆ. ಅದರ ಬಳಕೆಯನ್ನು ಅಳೆಯುವ ಕ್ರಮವನ್ನೂ, ಆ ಅಳತೆಯಿಂದ ತಕ್ಕ ಯೋಜನೆಯನ್ನು ಆರಿಸುವ ಕ್ರಮವನ್ನೂ ತಿಳಿಸುವುದು ಪ್ರಕೃತ ಲೇಖನದ ಉದ್ದೇಶ. ಇದಕ್ಕೆ ಬೇಕಾದ ಗಣಿತ ಏಳನೆಯ ತರಗತಿಯದು; ಗುಣಾಕಾರ, ಭಾಗಾಕಾರಗಳಿಗಿಂತ ಮುಂದಿನದೇನೂ ಇಲ್ಲ. ಆದರೂ ಆ ಗಣಿತವನ್ನು ಸಕಾಲದಲ್ಲಿ ಮಾಡದೆ ನಾನು ಎರಡು ತಪ್ಪುಗಳನ್ನು ಮಾಡಿದೆ. ಒಂದರಿಂದ ಹಣ ನಷ್ಟವಾಯಿತು. ಇನ್ನೊಂದರಿಂದ ಒಬ್ಬ ವಿದ್ಯಾರ್ಥಿಗೆ ಅನ್ಯಾಯವಾಯಿತು. ಎರಡನ್ನೂ ಮುಂದೆ ನಿವೇದಿಸಿಕೊಳ್ಳುತ್ತೇನೆ.

ಹಿನ್ನೆಲೆ

ನಮ್ಮ ದೇಶದಲ್ಲಿ ಸಾರ್ವಜನಿಕರಿಗೆ ಅಂತರಜಾಲ ಸೇವೆ ದೊರೆತದ್ದು 1995ರ ಆಗಸ್ಟ್ 15ರಂದು, ವಿದೇಶ ಸಂಚಾರ ನಿಗಮದ ಮೂಲಕ. ಆಗ ದೂರವಾಣಿಯ ತಂತಿಯ ಮೂಲಕವೇ ಸಂಪರ್ಕ. ಶುಲ್ಕ ಗಂಟೆಯ ಲೆಕ್ಕದಲ್ಲಿ. 2004ರ ಬ್ರಾಡ್‌ಬ್ಯಾಂಡ್ ನೀತಿಯು ಸೆಕೆಂಡಿಗೆ ಕನಿಷ್ಠ 256 ಕಿಲೋಬಿಟ್ ವೇಗವಿದ್ದರೆ ಮಾತ್ರ ಬ್ರಾಡ್‌ಬ್ಯಾಂಡ್ ಎಂದು ಕರೆಯಬಹುದೆಂದು ವಿಧಿಸಿತು. ಆ ಕನಿಷ್ಠ ಮಿತಿ 2013ರಲ್ಲಿ 512 ಕಿಲೋಬಿಟ್‌ಗೂ 2023ರ ಜನವರಿಯಲ್ಲಿ 2 ಮೆಗಾಬಿಟ್‌ಗೂ ಏರಿತು.

2005ರಲ್ಲಿ ಬಿಎಸ್‌ಎನ್‌ಎಲ್ ಬ್ರಾಡ್‌ಬ್ಯಾಂಡ್ ಸೇವೆ ಆರಂಭವಾದ ಬಳಿಕ ಗಂಟೆಯ ಲೆಕ್ಕ ಹಿಂದೆ ಸರಿದು ದತ್ತಾಂಶದ ಲೆಕ್ಕ, ಅಂದರೆ ಜನಬಳಕೆಯ ಮಾತಿನಲ್ಲಿ ಡೇಟಾ ಲೆಕ್ಕ, ಮುಂದೆ ಬಂತು. ಕೆಲವು ಯೋಜನೆಗಳಲ್ಲಿ ರಾತ್ರಿ 2ರಿಂದ ಬೆಳಿಗ್ಗೆ 8ರವರೆಗಿನ ಬಳಕೆಗೆ ಲೆಕ್ಕವಿರಲಿಲ್ಲ. ಆ ಕಾಲದ ಇಂಜಿನಿಯರಿಂಗ್ ವಿದ್ಯಾರ್ಥಿಗಳು ಅಲಾರಂ ಇಟ್ಟುಕೊಂಡು ಎರಡು ಗಂಟೆಗೆ ಏಳುತ್ತಿದ್ದುದು ಹಳೆಯ ವಿದ್ಯಾರ್ಥಿಗಳಲ್ಲಿ ಅನೇಕರಿಗೆ ನೆನಪಿರಬಹುದು. ಮಿತಿ ಚಿಕ್ಕದಾಗಿದ್ದಾಗ ಲೆಕ್ಕವಿಡುವ ಅಭ್ಯಾಸ ತಾನಾಗಿ ಇತ್ತು. 2016ರ ನಂತರ ಡೇಟಾ ಅಗ್ಗವಾಯಿತು, ಆಪ್ಟಿಕಲ್ ಫೈಬರ್ ಮನೆಬಾಗಿಲಿಗೆ ಬಂತು, ಅಭ್ಯಾಸವೂ ಮರೆಯಾಯಿತು.

ವೇಗ ಬೇರೆ, ಮೊತ್ತ ಬೇರೆ

ಯೋಜನೆಗಳ ಪಟ್ಟಿಯಲ್ಲಿ ಎರಡು ಸಂಖ್ಯೆಗಳು ಕಾಣುತ್ತವೆ. ಒಂದು ಎಂಬಿಪಿಎಸ್, ಅಂದರೆ ಸೆಕೆಂಡಿಗೆ ಇಷ್ಟು ಮೆಗಾಬಿಟ್. ಇನ್ನೊಂದು ಜಿಬಿ, ಅಂದರೆ ಗಿಗಾಬೈಟ್. ಇವೆರಡರ ಭೇದ ತಿಳಿಯದಿರುವುದೇ ಗೊಂದಲಕ್ಕೆ ಮೂಲ.

ಭದ್ರಾವತಿಯವರಿಗೆ ಈ ಭೇದವನ್ನು ವಿವರಿಸುವುದು ಸುಲಭ. ಲಕ್ಕವಳ್ಳಿಯ ಭದ್ರಾ ಜಲಾಶಯದ ಸುದ್ದಿಯನ್ನು ನಾವು ಪ್ರತಿ ಮಳೆಗಾಲದಲ್ಲೂ ಓದುತ್ತೇವೆ. ಒಳಹರಿವು ಇಷ್ಟು ಕ್ಯೂಸೆಕ್ ಎನ್ನುತ್ತಾರೆ. ಸಂಗ್ರಹ ಇಷ್ಟು ಟಿಎಂಸಿ ಅಡಿ ಎನ್ನುತ್ತಾರೆ. ಕ್ಯೂಸೆಕ್ ಎಂದರೆ ಸೆಕೆಂಡಿಗೆ ಹರಿಯುವ ಘನ ಅಡಿ ನೀರು. ಅದು ಹರಿವಿನ ಅಳತೆ. ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ. ಅದು ಮೊತ್ತದ ಅಳತೆ. 186 ಅಡಿಗೆ ಭರ್ತಿಯಾದಾಗ ಜಲಾಶಯದ ಸಾಮರ್ಥ್ಯ 71.5 ಟಿಎಂಸಿ. 11,574 ಕ್ಯೂಸೆಕ್ ಪ್ರಮಾಣದಲ್ಲಿ ಒಂದು ಹಗಲು ಒಂದು ರಾತ್ರಿ ನೀರು ಹರಿದರೆ ಒಂದು ಟಿಎಂಸಿ ಆಗುತ್ತದೆ. ನಾಲೆ ಎಷ್ಟೇ ದೊಡ್ಡದಿರಲಿ, ತೂಬು ಮುಚ್ಚಿದ್ದರೆ ನೀರು ವೆಚ್ಚವಾಗದು. ಸಣ್ಣ ನಾಲೆಯೂ ಹಗಲಿರುಳು ಹರಿದರೆ ಬಹಳ ನೀರನ್ನು ಸಾಗಿಸುತ್ತದೆ.

ಅಂತರಜಾಲದಲ್ಲಿ ಎಂಬಿಪಿಎಸ್ ಎಂಬುದು ಕ್ಯೂಸೆಕ್ಕಿನ ಸ್ಥಾನದಲ್ಲಿದೆ, ಜಿಬಿ ಎಂಬುದು ಟಿಎಂಸಿಯ ಸ್ಥಾನದಲ್ಲಿದೆ. ಒಂದು ವ್ಯತ್ಯಾಸವನ್ನು ಮಾತ್ರ ಗಮನಿಸಬೇಕು: ವೇಗವನ್ನು ಬಿಟ್‌ಗಳಲ್ಲಿಯೂ ಮೊತ್ತವನ್ನು ಬೈಟ್‌ಗಳಲ್ಲಿಯೂ ಹೇಳುವುದು ರೂಢಿ, ಎಂಟು ಬಿಟ್ ಕೂಡಿದರೆ ಒಂದು ಬೈಟ್. ಆದ್ದರಿಂದ 1 ಎಂಬಿಪಿಎಸ್ ವೇಗದಲ್ಲಿ ಒಂದು ಗಂಟೆ, ಅಂದರೆ 3,600 ಸೆಕೆಂಡು, ದತ್ತಾಂಶ ಹರಿದರೆ 3,600 ಮೆಗಾಬಿಟ್. ಅದನ್ನು ಎಂಟರಿಂದ ಭಾಗಿಸಿದರೆ 450 ಮೆಗಾಬೈಟ್. ಈ 450 ಎಂಬ ಸಂಖ್ಯೆಯೇ ನಮ್ಮ ಎಲ್ಲ ಲೆಕ್ಕಗಳ ಕೀಲಿಕೈ. ಇದೇ ಹರಿವು ದಿನವಿಡೀ ಮುಂದುವರಿದರೆ 10.8 ಜಿಬಿ; ಮೂವತ್ತು ದಿನಗಳಿಗೆ 324 ಜಿಬಿ.

ಯಾವ ಕೆಲಸಕ್ಕೆ ಎಷ್ಟು?

ಕೀಲಿಕೈ ದೊರೆತ ಮೇಲೆ ಬೀಗಗಳನ್ನು ಒಂದೊಂದಾಗಿ ತೆರೆಯಬಹುದು. ಚಲನಚಿತ್ರ ಪ್ರಸಾರ ಮಾಡುವ ಸಂಸ್ಥೆಗಳು ಶಿಫಾರಸು ಮಾಡುವ ವೇಗಗಳನ್ನು ಆಧಾರವಾಗಿ ಇಟ್ಟುಕೊಂಡರೆ ಸ್ಥೂಲವಾಗಿ ಈ ಅಂದಾಜುಗಳು ಬರುತ್ತವೆ:

1. ಧ್ವನಿ ಮಾತ್ರದ ಕರೆ ಅಥವಾ ಪಾಠ, ಸುಮಾರು 0.1 ಎಂಬಿಪಿಎಸ್: ಗಂಟೆಗೆ 45 ಎಂಬಿ.
2. ಸಾಧಾರಣ ಸ್ಪಷ್ಟತೆಯ ವಿಡಿಯೋ, 1 ಎಂಬಿಪಿಎಸ್: ಗಂಟೆಗೆ 450 ಎಂಬಿ.
3. 720 ಗೆರೆಗಳ ಎಚ್‌ಡಿ ವಿಡಿಯೋ, 3 ಎಂಬಿಪಿಎಸ್: ಗಂಟೆಗೆ 1.35 ಜಿಬಿ.
4. 1080 ಗೆರೆಗಳ ಪೂರ್ಣ ಎಚ್‌ಡಿ ವಿಡಿಯೋ, 5 ಎಂಬಿಪಿಎಸ್: ಗಂಟೆಗೆ 2.25 ಜಿಬಿ.
5. ದೊಡ್ಡ ಟಿವಿಗಳ 4ಕೆ ವಿಡಿಯೋ, 15 ಎಂಬಿಪಿಎಸ್: ಗಂಟೆಗೆ 6.75 ಜಿಬಿ.

ಒಂದು ಗಂಟೆಯ 4ಕೆ ಚಿತ್ರಕ್ಕೆ ತಗಲುವ ದತ್ತಾಂಶದಲ್ಲಿ ನೂರೈವತ್ತು ಗಂಟೆಗಳ ಧ್ವನಿಪಾಠ ಕೇಳಬಹುದೆಂಬುದು ಈ ಪಟ್ಟಿಯಿಂದ ತಿಳಿಯುತ್ತದೆ.

ಇಲ್ಲಿ ಇನ್ನೊಂದು ಅಂಶವನ್ನೂ ಹೇಳಬೇಕು. ಆಕಾಶವಾಣಿ ಭದ್ರಾವತಿ ಕೇಂದ್ರದ ಕಾರ್ಯಕ್ರಮವನ್ನು ರೇಡಿಯೋದಲ್ಲಿ ಹತ್ತು ಮಂದಿ ಕೇಳಿದರೂ ಹತ್ತು ಸಾವಿರ ಮಂದಿ ಕೇಳಿದರೂ ಪ್ರಸಾರ ಒಂದೇ. ಕೇಳುಗನಿಗೆ ದತ್ತಾಂಶದ ವೆಚ್ಚವಿಲ್ಲ. ಅಂತರಜಾಲದಲ್ಲಿ ಹಾಗಲ್ಲ. ಒಂದೇ ಮನೆಯಲ್ಲಿ ಮೂವರು ಒಂದೇ ಚಿತ್ರವನ್ನು ಮೂರು ಮೊಬೈಲುಗಳಲ್ಲಿ ನೋಡಿದರೆ ಮೂರು ಪ್ರತ್ಯೇಕ ಹರಿವುಗಳು, ಮೂರು ಪಟ್ಟು ವೆಚ್ಚ.

ಅಳೆಯುವ ವಿಧಾನ

ಬಳಕೆಯನ್ನು ಮೂರು ಸ್ಥಳಗಳಲ್ಲಿ ಅಳೆಯಬಹುದು.

ಮೊದಲನೆಯದು ಸೇವೆ ಒದಗಿಸುವ ಸಂಸ್ಥೆಯ ಲೆಕ್ಕ. ಗ್ರಾಹಕರ ಖಾತೆಯ ಪುಟದಲ್ಲಿ ಅಥವಾ ಆ್ಯಪ್‌ನಲ್ಲಿ ಬಳಕೆಯ ಮೊತ್ತ ಕಾಣುತ್ತದೆ. ಬಿಲ್ಲಿಗೂ ಮಿತಿಗೂ ಆಧಾರವಾಗುವುದು ಈ ಲೆಕ್ಕವೇ ಆದ್ದರಿಂದ ಇದಕ್ಕೆ ಪ್ರಥಮ ಸ್ಥಾನ.

ಎರಡನೆಯದು ಮನೆಯ ರೌಟರ್. ಅದರ ತಳಭಾಗದ ಚೀಟಿಯಲ್ಲಿ ಮುದ್ರಿತವಾಗಿರುವ ವಿಳಾಸವನ್ನು ಬ್ರೌಸರಿನಲ್ಲಿ ಬರೆದು ಒಳಹೊಕ್ಕರೆ ಬಂದ ಮತ್ತು ಹೋದ ಬೈಟ್‌ಗಳ ಎಣಿಕೆ ದೊರೆಯುತ್ತದೆ. ಇಲ್ಲಿ ಎರಡು ಅಪಾಯಗಳಿವೆ. ವಿದ್ಯುತ್ ಹೋಗಿ ರೌಟರ್ ಮರುಚಾಲನೆಯಾದರೆ ಅನೇಕ ರೌಟರುಗಳಲ್ಲಿ ಎಣಿಕೆ ಸೊನ್ನೆಗೆ ಇಳಿಯುತ್ತದೆ. ಮಳೆಗಾಲದ ಮಲೆನಾಡಿನಲ್ಲಿ ಇದು ಸಣ್ಣ ತೊಡಕಲ್ಲ. ಇನ್ನು ಕೆಲವು ಹಳೆಯ ರೌಟರುಗಳ ಎಣಿಕೆ 32 ಬಿಟ್‌ನದು. ಅದು ಸುಮಾರು 4.29 ಜಿಬಿ ತಲಪಿದೊಡನೆ ಮತ್ತೆ ಸೊನ್ನೆಯಿಂದ ಆರಂಭವಾಗುತ್ತದೆ. ಇಂಥ ಯಂತ್ರವನ್ನು ವಾರಕ್ಕೊಮ್ಮೆ ನೋಡಿದವನಿಗೆ ತನ್ನ ಮನೆಯ ಬಳಕೆ ಅತ್ಯಲ್ಪವೆಂಬ ಭ್ರಮೆ ಉಂಟಾಗುವುದು ಸಹಜ.

ಮೂರನೆಯದು ಪ್ರತಿಯೊಂದು ಉಪಕರಣ. ಮೊಬೈಲು ಮತ್ತು ಗಣಕಯಂತ್ರಗಳ ಸೆಟ್ಟಿಂಗ್ಸ್‌ನಲ್ಲಿ ವೈಫೈ ಬಳಕೆಯ ಲೆಕ್ಕವೂ, ಯಾವ ಆ್ಯಪ್ ಎಷ್ಟು ಬಳಸಿತೆಂಬ ವಿವರವೂ ಇರುತ್ತದೆ. ಟಿವಿಗಳಲ್ಲಿ ಈ ಸೌಲಭ್ಯ ಹಲವು ವೇಳೆ ಇರುವುದಿಲ್ಲ. ಆಗ ಒಟ್ಟು ಮೊತ್ತದಿಂದ ಉಳಿದ ಉಪಕರಣಗಳ ಮೊತ್ತವನ್ನು ಕಳೆದರೆ ಟಿವಿಯ ಪಾಲು ಸಿಗುತ್ತದೆ.

ಮನೆಯಲ್ಲಿ ಒಂದು ಇನ್ನೂರು ಪುಟದ ನೋಟುಬುಕ್ಕು ಸಾಕು. ದಿನಾಂಕ, ಒಟ್ಟು ಓದು, ಹಿಂದಿನ ಓದು, ವ್ಯತ್ಯಾಸ, ವಿಶೇಷ ಎಂದು ಐದು ಕಂಬಗಳನ್ನು ಎಳೆಯಬೇಕು. ವಿಶೇಷ ಎಂಬಲ್ಲಿ ಮನೆಗೆ ನೆಂಟರು ಬಂದದ್ದು, ಕ್ರಿಕೆಟ್ ಪಂದ್ಯ, ಶಾಲೆಯ ರಜೆ ಮುಂತಾದವನ್ನು ಬರೆಯಬೇಕು. ಒಂದು ವಾರದ ಲೆಕ್ಕದಿಂದ ನಿರ್ಣಯಕ್ಕೆ ಬರಬಾರದು; ಮೊಬೈಲು, ಗಣಕಗಳ ತಂತ್ರಾಂಶ ನವೀಕರಣ ಒಂದೇ ರಾತ್ರಿಯಲ್ಲಿ ಹಲವು ಜಿಬಿ ನುಂಗಬಹುದು. ಮೂವತ್ತು ದಿನ ಬರೆಯಬೇಕು. ಸಾಧ್ಯವಾದರೆ ಅದರಲ್ಲಿ ಕೆಲವು ರಜಾದಿನಗಳೂ ಸೇರಿರಬೇಕು.

ಕೆಲವು ಯಂತ್ರಗಳು ಒಂದು ಜಿಬಿಯನ್ನು ಸಾವಿರದ ಲೆಕ್ಕದಲ್ಲಿಯೂ ಕೆಲವು 1,024ರ ಲೆಕ್ಕದಲ್ಲಿಯೂ ಎಣಿಸುವುದರಿಂದ ಏಳೆಂಟು ಶೇಕಡಾ ವ್ಯತ್ಯಾಸ ಬರುವುದುಂಟು. ಅದನ್ನು ಮೋಸವೆಂದು ಭಾವಿಸಬೇಕಾಗಿಲ್ಲ.

ನಮ್ಮ ಮನೆಯ ಲೆಕ್ಕ

ಹಳೇನಗರದ ನಮ್ಮ ಮನೆಯಲ್ಲಿ ಐವರಿದ್ದೇವೆ: ನಾನು, ನನ್ನ ಪತ್ನಿ, ಮಗ, ಮನೆಯಿಂದಲೇ ಕಚೇರಿ ಕೆಲಸ ಮಾಡುವ ಸೊಸೆ, ಶಾಲೆಗೆ ಹೋಗುವ ಮೊಮ್ಮಗ. ಮೇಲಿನ ಮಹಡಿಯ ಕೋಣೆಯಲ್ಲಿ ಸೊಸೆಯ ಸಭೆಗಳು ನಡುನಡುವೆ ಕಡಿದುಹೋಗುತ್ತಿದ್ದವು. ಮೊಮ್ಮಗನ ಪಾಠಕ್ಕೂ ತೊಂದರೆ ಎಂದರು. ನಾನು ವಿಚಾರಮಾಡದೆ 30 ಎಂಬಿಪಿಎಸ್ ಯೋಜನೆಯಿಂದ 100 ಎಂಬಿಪಿಎಸ್ ಯೋಜನೆಗೆ ಬದಲಾಯಿಸಿದೆ. ತೊಂದರೆ ಮಾತ್ರ ಹಾಗೆಯೇ ಉಳಿಯಿತು. ಒಂದೂವರೆ ವರ್ಷ ಹೆಚ್ಚು ಹಣ ಕಟ್ಟಿದ ಮೇಲೆ ನೋಟುಬುಕ್ಕು ತೆರೆದೆ.

ಮೊದಲ ವಾರ 78 ಜಿಬಿ, ಎರಡನೆಯ ವಾರ 71, ರಜೆಯಿದ್ದ ಮೂರನೆಯ ವಾರ 96, ನಾಲ್ಕನೆಯ ವಾರ 83, ಉಳಿದ ಎರಡು ದಿನ 22; ಒಟ್ಟು 350 ಜಿಬಿ. ಯೋಜನೆಯ ಮಿತಿ 3,300 ಜಿಬಿ. ನಾವು ಬಳಸುತ್ತಿದ್ದುದು ಅದರ ಒಂಬತ್ತನೆಯ ಒಂದು ಭಾಗವೂ ಅಲ್ಲ.

ಉಪಕರಣವಾರು ವಿಂಗಡಿಸಿದಾಗ ಟಿವಿಗೆ 210 ಜಿಬಿ, ನಾಲ್ವರ ಮೊಬೈಲುಗಳಿಗೆ 70, ಸೊಸೆಯ ಕಚೇರಿ ಕೆಲಸಕ್ಕೆ 56, ಮೊಮ್ಮಗನ ಪಾಠಕ್ಕೆ 14. ದೊಡ್ಡ ಯೋಜನೆ ಬೇಕೆಂದಾಗ ನಾವೆಲ್ಲರೂ ಹೇಳಿದ ಕಾರಣ ಮಗುವಿನ ಪಾಠ. ಆ ಪಾಠದ ಪಾಲು ನೂರಕ್ಕೆ ನಾಲ್ಕು! ಸಂಜೆ ಮೂರು ಗಂಟೆ ಟಿವಿಯ ಮುಂದೆ ಕೂರುತ್ತಿದ್ದವರಲ್ಲಿ ನಾನೂ ಒಬ್ಬ. ವೆಚ್ಚಕ್ಕೆ ನಾವು ಹೇಳುವ ಕಾರಣ ಒಂದು, ವೆಚ್ಚವಾಗುವ ದಾರಿ ಇನ್ನೊಂದು ಎಂಬುದನ್ನು ಆ ಪುಟ ನನಗೆ ಕಲಿಸಿತು.

ಹಾಗಾದರೆ ಮಹಡಿಯ ತೊಂದರೆ ಏಕೆ? ರೌಟರಿಗೆ ಕೇಬಲ್ಲಿನಿಂದ ಗಣಕವನ್ನು ಜೋಡಿಸಿ ವೇಗ ಪರೀಕ್ಷಿಸಿದಾಗ 94 ಎಂಬಿಪಿಎಸ್ ಬಂತು. ಅದೇ ಗಣಕವನ್ನು ಮಹಡಿಯ ಕೋಣೆಗೆ ಒಯ್ದು ವೈಫೈಯಲ್ಲಿ ಪರೀಕ್ಷಿಸಿದಾಗ 6 ಎಂಬಿಪಿಎಸ್. ರೌಟರನ್ನು ಕೆಳಗಿನ ಪಡಸಾಲೆಯ ಗೋಡೆಕಪಾಟಿನೊಳಗೆ ಇಟ್ಟಿದ್ದೆವು. ನಡುವೆ ಹಳೆಯ ಕಾಲದ ದಪ್ಪ ಗೋಡೆಗಳು. ನಾಲೆಯಲ್ಲಿ ನೀರು ಧಾರಾಳವಾಗಿತ್ತು. ಗದ್ದೆಯ ಬದಿಯ ಕಾಲುವೆ ಮುಚ್ಚಿಹೋಗಿತ್ತು. ನಾಲೆಯನ್ನು ಅಗಲ ಮಾಡಿದರೆ ಫಲವೇನು? ಮಹಡಿಗೆ ಒಂದು ಕೇಬಲ್ ಎಳೆಸಿ ಅಲ್ಲಿ ಇನ್ನೊಂದು ವೈಫೈ ಪೆಟ್ಟಿಗೆ ಇಡಿಸಿದೆವು. ಸಭೆಗಳು ಕಡಿಯುವುದು ನಿಂತಿತು. ಬಳಿಕ ಹಳೆಯ 30 ಎಂಬಿಪಿಎಸ್ ಯೋಜನೆಗೇ ಮರಳಿದೆವು.

ಈ ಅಂತರ ಹಣದಲ್ಲಿ ಎಷ್ಟೆಂಬುದಕ್ಕೆ ಒಂದು ಸಾರ್ವಜನಿಕ ಉದಾಹರಣೆ ಸಾಕು. ಬಿಎಸ್‌ಎನ್‌ಎಲ್ 2020ರ ಅಕ್ಟೋಬರಿನಲ್ಲಿ ಪ್ರಕಟಿಸಿದ ಫೈಬರ್ ಯೋಜನೆಗಳಲ್ಲಿ 30 ಎಂಬಿಪಿಎಸ್‌ಗೆ ತಿಂಗಳಿಗೆ 449 ರೂಪಾಯಿ, 100 ಎಂಬಿಪಿಎಸ್‌ಗೆ 799 ರೂಪಾಯಿ. ಎರಡರ ಮಿತಿಯೂ 3,300 ಜಿಬಿ. ಅಂತರ 350 ರೂಪಾಯಿ. ಶೇಕಡಾ 18 ಜಿಎಸ್‌ಟಿ ಸೇರಿದರೆ 413. ವರ್ಷಕ್ಕೆ 4,956 ರೂಪಾಯಿ. ದರಗಳು ಕಾಲಕಾಲಕ್ಕೆ ಬದಲಾಗುತ್ತವೆ. ಲೆಕ್ಕದ ಕ್ರಮ ಬದಲಾಗದು.

ಒಬ್ಬ ವಿದ್ಯಾರ್ಥಿಯ ಲೆಕ್ಕ

ಇನ್ನು ಎರಡನೆಯ ತಪ್ಪು. ಇದನ್ನು ಬರೆಯಲು ಸಂಕೋಚವಾಗುತ್ತದೆ. ಆದರೂ ಅಧ್ಯಾಪಕ ಮಿತ್ರರಿಗೆ ಉಪಯೋಗವಾದೀತೆಂದು ಬರೆಯುತ್ತೇನೆ.

2020ರ ಮಾರ್ಚಿನಲ್ಲಿ ಶಾಲೆಗಳು ಮುಚ್ಚಿದ ಬಳಿಕ ನಾವು ಮೊಬೈಲಿನ ಮೂಲಕ ಪಾಠ ಹೇಳಿದೆವು. ನಾನು ಆಗ ಪ್ರೌಢಶಾಲೆಯೊಂದರಲ್ಲಿ ಗಣಿತ ಬೋಧಿಸುತ್ತಿದ್ದೆ. ದಿನಕ್ಕೆ ಒಂದೊಂದು ಗಂಟೆಯ ನಾಲ್ಕು ಪಾಠಗಳು, ನನ್ನದು ನಾಲ್ಕನೆಯದು. ಊರಿನ ಹೊರಗಿನ ಹಳ್ಳಿಯೊಂದರಿಂದ ಸೇರುತ್ತಿದ್ದ ಒಬ್ಬ ಹುಡುಗ ಪ್ರತಿದಿನ ನನ್ನ ಪಾಠದ ಆರಂಭದಲ್ಲಿ ಹಾಜರಿರುತ್ತಿದ್ದ. ಅರ್ಧ ಗಂಟೆಯೊಳಗೆ ಕಾಣೆಯಾಗುತ್ತಿದ್ದ. ಹಾಜರಿ ಹೇಳಿ ಆಟಕ್ಕೆ ಓಡುತ್ತಾನೆಂದು ನಾನು ತೀರ್ಮಾನಿಸಿದೆ. ಎಲ್ಲರೂ ಕೇಳುವಂತೆ ಅವನನ್ನು ಗದರಿಸಿದೆ. ಅವನು ಏನೂ ಹೇಳಲಿಲ್ಲ. ಮರುದಿನದಿಂದ ನನ್ನ ಪಾಠಕ್ಕೆ ಬರುವುದನ್ನೇ ಬಿಟ್ಟ.

ಬಹುಕಾಲದ ಮೇಲೆ, ಮೇಲೆ ಹೇಳಿದ 450ರ ಲೆಕ್ಕವನ್ನು ಬರೆಯುತ್ತಿದ್ದಾಗ ಅವನ ನೆನಪಾಯಿತು. ಆ ದಿನಗಳಲ್ಲಿ ಬಹಳ ಮನೆಗಳಲ್ಲಿದ್ದುದು ದಿನಕ್ಕೆ 1.5 ಜಿಬಿಯ ಮೊಬೈಲ್ ಪ್ಯಾಕು. ಪಾಠದ ವಿಡಿಯೋಗೆ 1 ಎಂಬಿಪಿಎಸ್ ಎಂದರೆ ಗಂಟೆಗೆ 0.45 ಜಿಬಿ. 1.5ನ್ನು 0.45ರಿಂದ ಭಾಗಿಸಿದರೆ 3.33 ಗಂಟೆ, ಅಂದರೆ ಮೂರು ಗಂಟೆ ಇಪ್ಪತ್ತು ನಿಮಿಷ. ನಾಲ್ಕನೆಯ ಪಾಠದ ಇಪ್ಪತ್ತನೆಯ ನಿಮಿಷಕ್ಕೆ ಅವನ ಡೇಟಾ ಮುಗಿಯುತ್ತಿತ್ತು. ಹುಡುಗ ಓಡಿಹೋಗುತ್ತಿರಲಿಲ್ಲ. ಅವನ ಪಾಲಿನ ನೀರು ಮುಗಿದು ತೂಬು ಮುಚ್ಚುತ್ತಿತ್ತು. ಗಣಿತದ ಅಧ್ಯಾಪಕನಾಗಿಯೂ ನಾನು ಒಂದು ಭಾಗಾಕಾರ ಮಾಡಿ ನೋಡಲಿಲ್ಲ.

ನಾನು ಆಗ ನನ್ನ ಮುಖದ ಚಿತ್ರವನ್ನು ಮುಚ್ಚಿ, ಧ್ವನಿಯನ್ನೂ ಹಲಗೆಯ ಕೆಲವು ಸ್ಥಿರಚಿತ್ರಗಳನ್ನೂ ಮಾತ್ರ ಕಳುಹಿಸಿದ್ದರೆ ಆ ಒಂದು ಗಂಟೆಯ ಪಾಠ ನೂರು ಎಂಬಿಯೊಳಗೆ ಮುಗಿಯುತ್ತಿತ್ತು. ಅವನಲ್ಲಿ ಉಳಿದಿದ್ದ 150 ಎಂಬಿ ಅದಕ್ಕೆ ಸಾಕಾಗುತ್ತಿತ್ತು.

ಯೋಜನೆಯನ್ನು ಆರಿಸುವ ಕ್ರಮ

ಮೇಲಿನ ವಿಚಾರಗಳನ್ನು ಕ್ರಮವಾಗಿ ಹೀಗೆ ಸಂಗ್ರಹಿಸಬಹುದು.

1. ಮೂವತ್ತು ದಿನಗಳ ಮೊತ್ತವನ್ನು ಬರೆದು, ಅದಕ್ಕೆ ಕಾಲು ಭಾಗ ಸೇರಿಸಿ. ನಮ್ಮ ಮನೆಗೆ 350ಕ್ಕೆ 88 ಸೇರಿ ಸುಮಾರು 440 ಜಿಬಿ. ಯೋಜನೆಯ ಮಿತಿ ಇದಕ್ಕಿಂತ ಹೆಚ್ಚಿದ್ದರೆ ಸಾಕು.

2. ಸಂಜೆಯ ಅತ್ಯಂತ ಗದ್ದಲದ ಹೊತ್ತಿನಲ್ಲಿ ಏಕಕಾಲಕ್ಕೆ ನಡೆಯುವ ಕೆಲಸಗಳ ವೇಗವನ್ನು ಕೂಡಿ. ಟಿವಿಗೆ 5, ಸಭೆಗೆ 4, ಪಾಠಕ್ಕೆ 3, ಎರಡು ಮೊಬೈಲುಗಳಿಗೆ 6. ಒಟ್ಟು 18 ಎಂಬಿಪಿಎಸ್. ಇದಕ್ಕೆ 30 ಸಾಕು.

3. ಯೋಜನೆಯ ಪ್ರಕಟಣೆಯಲ್ಲಿ ವೇಗದ ಮುಂದಿರುವ 'ವರೆಗೆ' ಎಂಬ ಪದವನ್ನು ಗಮನಿಸಿ. ಅದು ಗರಿಷ್ಠ; ಸದಾ ದೊರೆಯುವ ಭರವಸೆಯಲ್ಲ. ಕೇಬಲ್ ಜೋಡಿಸಿ ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಒಂಬತ್ತಕ್ಕೆ ಪರೀಕ್ಷಿಸಿ ಬರೆದಿಡಿ. ಪರೀಕ್ಷೆಗೂ ದತ್ತಾಂಶ ವೆಚ್ಚವಾಗುತ್ತದೆಂಬುದು ನೆನಪಿರಲಿ: 100 ಎಂಬಿಪಿಎಸ್‌ನಲ್ಲಿ ಹತ್ತು ಸೆಕೆಂಡಿಗೆ 125 ಎಂಬಿ.

4. ಮಿತಿ ಮೀರಿದ ಮೇಲೆ ಏನಾಗುತ್ತದೆಂದು ಕೇಳಿ. ಮೇಲೆ ಹೇಳಿದ 30 ಎಂಬಿಪಿಎಸ್ ಯೋಜನೆಯಲ್ಲಿ ವೇಗ 2 ಎಂಬಿಪಿಎಸ್‌ಗೆ ಇಳಿಯುತ್ತಿತ್ತು, ಸಂಪರ್ಕ ಕಡಿಯುತ್ತಿರಲಿಲ್ಲ. ಟ್ರಾಯ್ 2016ರಲ್ಲಿ ನೀಡಿದ ನಿರ್ದೇಶನದಂತೆ ಮಿತಿಯನ್ನೂ ಮಿತಿಯ ನಂತರದ ವೇಗವನ್ನೂ ಗ್ರಾಹಕನಿಗೆ ಸ್ಪಷ್ಟವಾಗಿ ತಿಳಿಸಬೇಕು. ಕೇಳುವುದು ನಮ್ಮ ಹಕ್ಕು.

5. ಮನೆಯಿಂದ ಕೆಲಸ ಮಾಡುವವರಿದ್ದರೆ ಬರುವ ವೇಗವಷ್ಟೇ ಅಲ್ಲದೆ ಹೋಗುವ ವೇಗವನ್ನೂ, ಅಂದರೆ ಅಪ್‌ಲೋಡ್ ವೇಗವನ್ನೂ ವಿಚಾರಿಸಿ.

6. ಮೊಬೈಲ್ ಪ್ಯಾಕಿನೊಡನೆ ಹೋಲಿಸುವಾಗ ಅವಧಿಯನ್ನು ನೋಡಿ. 28 ದಿನಗಳ ಪ್ಯಾಕನ್ನು ವರ್ಷಕ್ಕೆ ಹದಿಮೂರು ಬಾರಿ ಹಾಕಿಸಬೇಕು. ತಿಂಗಳ ಯೋಜನೆಗೆ ಹನ್ನೆರಡೇ ಬಾರಿ.

7. ವೇಗ ಕಡಿಮೆಯೆನಿಸಿದರೆ ದೊಡ್ಡ ಯೋಜನೆಗೆ ಹೋಗುವ ಮುನ್ನ ರೌಟರಿನ ಸ್ಥಳವನ್ನು ಬದಲಾಯಿಸಿ ನೋಡಿ. ಇದಕ್ಕೆ ಖರ್ಚಿಲ್ಲ.

ಉಪಸಂಹಾರ

3,300 ಜಿಬಿ ಮಿತಿಯನ್ನು 324ರಿಂದ ಭಾಗಿಸಿದರೆ ಸುಮಾರು ಹತ್ತು ಬರುತ್ತದೆ. 10 ಎಂಬಿಪಿಎಸ್ ಹರಿವು ಹಗಲಿರುಳು ಮೂವತ್ತು ದಿನ ಒಂದೇ ಸಮನೆ ನಡೆದರೆ ಮಾತ್ರ ಆ ಮಿತಿ ಮುಗಿಯುತ್ತದೆಂದು ಇದರ ಅರ್ಥ. ಸಾಧಾರಣ ಸಂಸಾರಕ್ಕೆ ಅದು ಅಸಾಧ್ಯಪ್ರಾಯ. ಒಂದೇ ಊರಿನಲ್ಲಿ ಒಂದು ಮನೆಯಲ್ಲಿ ಮೂರು ಸಾವಿರ ಜಿಬಿ ಬಳಕೆಯಾಗದೆ ಉಳಿಯುತ್ತದೆ; ಇನ್ನೊಂದು ಮನೆಯಲ್ಲಿ ಮಗುವಿನ ಪಾಠ ನಲವತ್ತು ನಿಮಿಷದ ಕೊರತೆಯಿಂದ ನಿಲ್ಲುತ್ತದೆ. ಉಳಿದ ಡೇಟಾವನ್ನು ಸೇರಿನಲ್ಲಿ ಅಳೆದು ನೆರೆಮನೆಗೆ ಕೊಡಲು ಬರುವುದಿಲ್ಲ. ಆದರೆ ಉಳಿಸಿದ ಹಣವನ್ನು ಕೊಡಲು ಬರುತ್ತದೆ.

ಆದ್ದರಿಂದ ನನ್ನ ಬಿನ್ನಹ ಮೂರು. ಅಧ್ಯಾಪಕರು ದೂರದಿಂದ ಪಾಠ ಹೇಳಬೇಕಾದ ಸಂದರ್ಭದಲ್ಲಿ, ಆ ಪಾಠ ಎಷ್ಟು ಎಂಬಿ ಎಂಬುದನ್ನು ಮೊದಲು ಲೆಕ್ಕಹಾಕಲಿ. ಹಳೆಯ ವಿದ್ಯಾರ್ಥಿಗಳು ತಮ್ಮ ತಂದೆತಾಯಿಯರ ಮನೆಯ ಯೋಜನೆಯನ್ನು ಒಮ್ಮೆ ಪರಿಶೀಲಿಸಲಿ. ವೃದ್ಧರು ಬೇಡದ ವೇಗಕ್ಕೆ ಹಣ ಕಟ್ಟುತ್ತಿರುವ ಮನೆಗಳು ಇರಬಹುದು. ದಾನಿಗಳು ವಿದ್ಯಾರ್ಥಿಗಳಿಗೆ ಉಪಕರಣಗಳನ್ನು ಕೊಡುವಾಗ, ಅವುಗಳಿಗೆ ವರ್ಷವಿಡೀ ಬೇಕಾಗುವ ಡೇಟಾವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಲಿ. ಎಣ್ಣೆಯಿಲ್ಲದೆ ದೀಪವನ್ನಷ್ಟೇ ಕೊಟ್ಟರೆ ಓದು ಸಾಗದು.

ನಮ್ಮ ಮನೆಯ ನೋಟುಬುಕ್ಕು ಈಗಲೂ ರೌಟರಿನ ಪಕ್ಕದಲ್ಲಿದೆ. ತಿಂಗಳ ಕೊನೆಯ ದಿನ ಮೊಮ್ಮಗನೇ ಓದನ್ನು ಬರೆಯುತ್ತಾನೆ, ಕಳೆಯುವ ಲೆಕ್ಕವನ್ನೂ ಅವನೇ ಮಾಡುತ್ತಾನೆ. ಆ ಪುಸ್ತಕದ ಮೊದಲ ಪುಟದಲ್ಲಿ ನಾನು ಒಂದು ಭಾಗಾಕಾರವನ್ನು ಬರೆದಿಟ್ಟಿದ್ದೇನೆ: 1.5 ಭಾಗಿಸು 0.45. ಅದು ಯಾವ ತಿಂಗಳ ಲೆಕ್ಕವೆಂದು ಅವನು ಕೇಳಿದಾಗ, ಅದು ನನ್ನ ಬಾಕಿಯ ಲೆಕ್ಕವೆಂದು ಹೇಳಿದ್ದೇನೆ.